ರೆಕ್ಕೆಗೆ ಭುಜ ಕೊಟ್ಟ ಮೇಲೆ

ಕಾರವಾರದ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಕೋಣೆಯ ಹೊರಗೆ ಒಂದು ಉದ್ದ ಬೆಂಚು ಇದೆ. ಅಲ್ಲಿ ಕೂತವರು ಒಬ್ಬರಿಗೊಬ್ಬರು ಹೆಸರು ಕೇಳುವುದಿಲ್ಲ, ಊರು ಕೇಳುವುದಿಲ್ಲ. ಮೊದಲು ಕೇಳುವುದೇ "ಎಂತಾಯ್ತು?" ಎಂದು. ಬೈಕು ಜಾರಿತು ಅನ್ನುತ್ತಾರೆ ಒಬ್ಬರು. ತೆಂಗಿನ ಮರದಿಂದ ಬಿದ್ದೆ ಅನ್ನುತ್ತಾರೆ ಇನ್ನೊಬ್ಬರು. ಮತ್ತೆ ಬೈಕು, ಮತ್ತೂ ಬೈಕು, ಮೂಲೆಯಲ್ಲಿ ಕೂತ ಅಜ್ಜನಿಗೆ ಲಕ್ವ. ನನ್ನ ಸರದಿ ಬಂದಾಗ ನಾನು ಹೇಳಬೇಕು: "ವಿಮಾನ ಬಿತ್ತು."

ಮೊದಮೊದಲು ಹಾಗೇ ಹೇಳುತ್ತಿದ್ದೆ. ಕುತ್ತಿಗೆ ತಿರುಗಿಸಲು ಆಗುವವರೆಲ್ಲ ನನ್ನ ಕಡೆ ತಿರುಗುತ್ತಿದ್ದರು. "ವಿಮಾನದಲ್ಲಿ ಎಲ್ಲಿಗೆ ಹೋಗಿದ್ರಿ?" "ನಾನು ಎಲ್ಲಿಗೂ ಹೋಗಿರಲಿಲ್ಲ, ದಂಡೆಯ ಮೇಲೇ ಇದ್ದೆ, ಅದೇ ಬಂತು." ಆಮೇಲೆ ನಗು. ನಗುವವರ ತಪ್ಪಲ್ಲ, ನನಗೂ ಬೇರೆಯವರಿಗೆ ಆಗಿದ್ದರೆ ನಗು ಬರುತ್ತಿತ್ತು. ಆದರೆ ವಾರಕ್ಕೆ ಮೂರು ಸಲ, ಹೊಸ ಹೊಸ ಮುಖಗಳ ಮುಂದೆ ಅದನ್ನೇ ಹೇಳಿ ಹೇಳಿ ನನಗೆ ಸಾಕಾಯಿತು. ಕೊನೆಗೆ ಬಚ್ಚಲಲ್ಲಿ ಜಾರಿ ಬಿದ್ದೆ ಎನ್ನಲು ಶುರು ಮಾಡಿದೆ. ಬಚ್ಚಲಲ್ಲಿ ಬಿದ್ದವರನ್ನು ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ.

ವಿಮಾನದ ಕಥೆ ಎಲ್ಲರಿಗೂ ಬೇಕು, ಕೈಯ ಕಥೆ ಯಾರಿಗೂ ಬೇಡ. ನಾನು ಬರೆಯಲು ಕೂತಿರುವುದು ಕೈಯ ಬಗ್ಗೆ. ಮೂಳೆ ಮುರಿಯದೆ, ಗಾಯ ಕಾಣದೆ, ಒಂದು ದಿನ ಇದ್ದಕ್ಕಿದ್ದಂತೆ ತಮ್ಮ ಕೈ ತಮ್ಮದಲ್ಲದ ಹಾಗೆ ಜೋತುಬಿದ್ದವರು ಎಲ್ಲೋ ಯಾವುದೋ ಬೆಂಚಿನ ಮೇಲೆ ಕೂತಿರುತ್ತಾರೆ. ಅವರಿಗಾಗಿ ಇದು. ಆದರೂ ವಿಮಾನವನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಅಷ್ಟಕ್ಕೇ ಬಂದವರು ಎದ್ದು ಹೋಗಬಹುದು.

ನಾನು ಸುಮಿತ್ರಾ. ಅಂಕೋಲೆಯಿಂದ ಕಾರವಾರದ ಕಡೆ ಬರುವಾಗ ಹೆದ್ದಾರಿ ಬಿಟ್ಟು ಕಡಲಿಗೆ ಇಳಿದರೆ ಸಿಗುವ ಒಂದು ಮೀನುಗಾರರ ಕೇರಿಯಲ್ಲಿ ನಮ್ಮ ಮನೆ. ಗಂಡ ಕಾರವಾರದ ಬೈತಖೋಲ ಬಂದರಿನ ಟ್ರಾಲರ್ ಬೋಟಿನಲ್ಲಿ ದುಡಿಯುತ್ತಾರೆ. ಕಡಲಿಗೆ ಹೋದರೆ ವಾರಗಟ್ಟಲೆ ಪತ್ತೆ ಇರುವುದಿಲ್ಲ. ಒಬ್ಬಳೇ ಮಗಳು ಪ್ರಿಯಾ ಮದುವೆಯಾಗಿ ಸದಾಶಿವಗಡದಲ್ಲಿದ್ದಾಳೆ. ಹಾಗಾಗಿ ಮನೆಯಲ್ಲಿ ಹೆಚ್ಚಿನ ದಿನ ನಾನು ಮತ್ತು ಅತ್ತೆ ಇಬ್ಬರೇ. ನಾನು ಅಂಕೋಲೆ ಪೇಟೆಯಲ್ಲಿ ಮೀನು ಮಾರುತ್ತಿದ್ದೆ. ಬುಟ್ಟಿ ತಲೆಯ ಮೇಲೆ, ಮಾತು ನಾಲಗೆಯ ಮೇಲೆ, ಹೀಗೆ ನಡೆದಿತ್ತು.

ಮಳೆಗಾಲ ಕಳೆದು ರಂಪಣಿ ಹಾಕುವ ದಿನಗಳವು. ರಂಪಣಿ ಅಂದರೆ ದಂಡೆಯಿಂದಲೇ ಎಳೆಯುವ ದೊಡ್ಡ ಬಲೆ. ಎಳೆಯಲು ಊರೇ ಬೇಕು, ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಪಾಲು ಸಿಗುತ್ತದೆ. ಆ ಬೆಳಿಗ್ಗೆ ಬಲೆ ಎಳೆದು ಮುಗಿದಿತ್ತು. ನಾವು ಹೆಂಗಸರು ಕುಕ್ಕರುಗಾಲಲ್ಲಿ ಕೂತು ಮೀನು ಬೇರೆ ಬೇರೆ ಮಾಡುತ್ತಿದ್ದೆವು. ಆಗ ಕಾರವಾರದ ಕಡೆಯಿಂದ ಒಂದು ಪುಟ್ಟ ಬಿಳಿ ವಿಮಾನ ಬಂತು, ಇಬ್ಬರು ಕೂರುವಂಥದು. ನೌಕಾಪಡೆಯವರ ಹೆಲಿಕಾಪ್ಟರು ಹಾರಾಡುವುದು ನಮಗೆ ಹೊಸದಲ್ಲ, ಆದ್ದರಿಂದ ಯಾರೂ ತಲೆ ಎತ್ತಲಿಲ್ಲ. ತಲೆ ಎತ್ತಿದ್ದು ಅದರ ಸದ್ದು ನಿಂತಾಗ.

ಅದು ತೆರೆ ಬಂದು ಹೋಗುವ ಗಟ್ಟಿ ಮರಳಿನ ಮೇಲೆ ಸರಿಯಾಗಿಯೇ ಇಳಿಯಿತು. ಸ್ವಲ್ಪ ದೂರ ಓಡಿತು. ಆಮೇಲೆ ನೀರಿನ ಕಡೆಯ ಗಾಲಿ ಮೆತ್ತಗಿನ ಜಾಗದಲ್ಲಿ ಹೂತು, ಇಡೀ ವಿಮಾನ ಕಡಲಿಗೆ ಅಡ್ಡಡ್ಡ ತಿರುಗಿ ನಿಂತಿತು. ಒಂದು ರೆಕ್ಕೆ ನೀರಿನ ಮೇಲೆ ಚಾಚಿತ್ತು. ಒಳಗೆ ಒಬ್ಬರೇ ಇದ್ದರು, ಸೀಟಿನ ಪಟ್ಟಿ ಬಿಚ್ಚಲು ಒದ್ದಾಡುತ್ತಿದ್ದರು.

ದಂಡೆಗೆ ಬಂದ ದೋಣಿ ಅಡ್ಡ ತಿರುಗಿದರೆ ಏನು ಮಾಡಬೇಕೆಂದು ನಮ್ಮ ಕೇರಿಯಲ್ಲಿ ಯಾರಿಗೂ ಯಾರೂ ಹೇಳಿಕೊಡುವುದಿಲ್ಲ. ಮುಂದಿನ ತೆರೆ ಅದನ್ನು ಮಗುಚುವ ಮೊದಲು ಓಡಿಹೋಗಿ ಭುಜ ಕೊಡಬೇಕು. ಯಾರ ದೋಣಿ ಎಂದು ನೋಡುವ ಹಾಗಿಲ್ಲ. ಮಾತು ಬಿಟ್ಟವರ ದೋಣಿಯಾದರೂ ಭುಜ ಕೊಟ್ಟು, ಆಮೇಲೆ ಮತ್ತೆ ಮಾತು ಬಿಡಬಹುದು. ನಾವೆಲ್ಲ ಓಡಿದೆವು. ಹೆಂಗಸರು, ಗಂಡಸರು, ಬಲೆ ಒಣಗಿಸುತ್ತಿದ್ದ ಮುದುಕರು ಎಲ್ಲರೂ. ವಿಮಾನವನ್ನು ಹಿಡಿಯಬಾರದು ಎಂದು ಒಬ್ಬರಿಗೂ ಅನಿಸಲಿಲ್ಲ. ನನಗೆ ಸಿಕ್ಕಿದ್ದು ರೆಕ್ಕೆಯ ತುದಿ. ಅದರ ಕೆಳಗೆ ಹೋಗಿ ಬಲ ಭುಜ ಕೊಟ್ಟು ನಿಂತೆ.

ದೋಣಿಯಾದರೆ ತೆರೆ ಎತ್ತಿದ್ದನ್ನು ತೆರೆಯೇ ಇಳಿಸುತ್ತದೆ, ಅದರ ಹೊಟ್ಟೆ ನೀರಿನಲ್ಲಿ ಇರುತ್ತದೆ. ರೆಕ್ಕೆಗೆ ಹೊಟ್ಟೆ ಎಲ್ಲಿದೆ? ತೆರೆ ಬಂದು ಎತ್ತಿತು, ಭುಜಕ್ಕೆ ಹಗುರಾಯಿತು. "ಬಂತು, ಬಂತು" ಎಂದು ಎಲ್ಲರೂ ಕೂಗಿದೆವು. ತೆರೆ ಹಿಂದೆ ಸರಿಯಿತು. ರೆಕ್ಕೆ ನನ್ನ ಕುತ್ತಿಗೆಗೂ ಭುಜಕ್ಕೂ ನಡುವೆ ಬಂದು ಕೂತಿತು. ತಲೆ ಒಂದು ಕಡೆಗೆ, ಭುಜ ಇನ್ನೊಂದು ಕಡೆಗೆ ಹೋದದ್ದು ನೆನಪಿದೆ. ಬಾಯಿ ತುಂಬ ಉಪ್ಪುನೀರು. ಎದ್ದು ನಿಂತೆ. ಯಾರದೋ ಮೊಬೈಲಿನ ವಿಡಿಯೋದಲ್ಲಿ ಅದು ಇದೆ: ನಾನು ಎದ್ದು, ನಗುತ್ತ, ಎಡಗೈಯಲ್ಲಿ ಸೆರಗು ಸರಿಮಾಡಿಕೊಳ್ಳುತ್ತಿದ್ದೇನೆ. ಬಲಗೈ ಸುಮ್ಮನೆ ಜೋತಾಡುತ್ತಿದೆ.

ವಿಮಾನದವರನ್ನು ಹೊರಗೆಳೆದರು. ಅವರ ಹಣೆ ತರಚಿತ್ತು, ಅಷ್ಟೇ. ಆಮೇಲೆ ನಮ್ಮವರು ರಂಪಣಿಯ ಹಗ್ಗ ತಂದು ವಿಮಾನವನ್ನು ಗಾಳಿಮರಗಳಿಗೆ ಕಟ್ಟಿದರು, ಉಬ್ಬರದ ನೀರಿಗೆ ಹೋಗಬಾರದಲ್ಲ. ಪೊಲೀಸರು ಬಂದು, ಇದನ್ನು ಕಟ್ಟಲು ನಿಮಗೆ ಯಾರು ಹೇಳಿದರು ಎಂದು ಗದರಿದರಂತೆ. ಆ ಹೊತ್ತಿಗೆ ನಾನು ರಿಕ್ಷಾದಲ್ಲಿದ್ದೆ. ವಿಮಾನದ ಕಥೆ ಇಲ್ಲಿಗೆ ಮುಗಿಯಿತು.

ಅಂಕೋಲೆಯ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆದರು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, ಮೂಳೆ ಎಲ್ಲೂ ಮುರಿದಿಲ್ಲ ಎಂದರು. ಅತ್ತೆ ಅಲ್ಲೇ ಕೈಮುಗಿದರು. ಕೇರಿಯವರೆಲ್ಲ ಬಂದು ನೋಡಿ, ನಿನ್ನ ಅದೃಷ್ಟ ದೊಡ್ಡದು ಎಂದು ಹೇಳಿ ಚಹಾ ಕುಡಿದು ಹೋದರು. ನಾನೂ ನಂಬಿದೆ. ಕುತ್ತಿಗೆಯಿಂದ ಹೆಬ್ಬೆರಳಿನವರೆಗೆ ಉರಿ ಇತ್ತು, ಬಿಸಿ ಎಣ್ಣೆ ಚೆಲ್ಲಿದ ಹಾಗೆ. ಪೆಟ್ಟು ಬಿದ್ದ ಮೇಲೆ ಉರಿಯದೆ ಇರುತ್ತದೆಯೇ ಎಂದುಕೊಂಡೆ. ಕೈಯನ್ನು ಜೋಳಿಗೆಯಲ್ಲಿ ಹಾಕಿಕೊಂಡು ಮನೆಗೆ ಬಂದೆ.

ಬೆರಳು ಆಡುತ್ತಿತ್ತು. ಎಲ್ಲರೂ ಮೋಸಹೋದದ್ದು ಅಲ್ಲಿಯೇ. ಮುಷ್ಟಿ ಹಿಡಿಯಬಲ್ಲೆ, ಬಿಡಬಲ್ಲೆ. ಆದರೆ ಮೊಣಕೈ ಮಡಚುವುದಿಲ್ಲ, ತೋಳು ಎತ್ತಲು ಬರುವುದಿಲ್ಲ. ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ಜೋಳಿಗೆ ಬಿಚ್ಚುವ ದಿನ ಬಂದು ಹೋಯಿತು, ಕೈ ಎದ್ದಿರಲಿಲ್ಲ.

"ಬೆರಳು ಆಡ್ತದಲ್ಲೆ, ಮತ್ತೆಂತ ಆಗ್ಬೇಕು?" ಎಂದರು ಅತ್ತೆ. "ನೀರು ಹಿಡ್ದದೆ. ಎಣ್ಣೆ ಹಾಕಿ ತಿಕ್ಕಿದ್ರೆ ಬಿಡ್ತದೆ."

"ತಿಕ್ಕಿಸ್ಕಂಡ್ರೆ ಮೇಲೆದ್ದು ಬರೂದಾದ್ರೆ ನಾನೇ ತಿಕ್ಕತಿದ್ದೆ" ಎಂದೆ. ಆಗೆಲ್ಲ ಬಾಯಿ ಜೋರಿತ್ತು.

ಆದರೂ ಹೋದೆವು. ರಾಮನಗುಳಿಯ ಹತ್ತಿರ ಉಳುಕು ತೆಗೆಯುವವರೊಬ್ಬರು ಇದ್ದಾರೆಂದು ಯಾರೋ ಹೇಳಿದ್ದರು. ಯಲ್ಲಾಪುರ ಬಸ್ಸಿನಲ್ಲಿ, ಗಂಗಾವಳಿ ಹೊಳೆಯ ಪಕ್ಕದ ದಾರಿಯಲ್ಲಿ, ಪ್ರತಿ ತಿರುವಿಗೂ ಕೈ ತೊಡೆಯಿಂದ ಜಾರಿ ಪಕ್ಕದವರ ಮೈಮೇಲೆ ಬೀಳುತ್ತಿತ್ತು. ನಾನು ಪ್ರತಿ ಸಲ ಅದನ್ನು ಎತ್ತಿ ಇಟ್ಟುಕೊಂಡು "ಸಿಟ್ಟಾಗಬೇಡಿ" ಎನ್ನುತ್ತಿದ್ದೆ. ಉಳುಕು ತೆಗೆಯುವವರು ಒಳ್ಳೆಯ ಮನುಷ್ಯ. ಬಿಸಿ ಎಣ್ಣೆ ಹಾಕಿ ನೀವಿದರು, ಸೊಪ್ಪಿನ ಪಟ್ಟು ಕಟ್ಟಿದರು, ಉರಿಗೆ ಸ್ವಲ್ಪ ಸಮಾಧಾನ ಆಯಿತು. ಹಲವು ವಾರ ಹಾಗೇ ಹೋಗಿ ಬಂದೆವು. ಕೆಡುಕಾಗಲಿಲ್ಲ, ಆದರೆ ದಿನಗಳು ಹೋದವು. ದಿನಗಳಿಗೆ ಬೆಲೆ ಇದೆ ಎಂದು ನಮಗೆ ಆಗ ಯಾರಿಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಕೇರಿಯ ಮಾತು ನಿಧಾನವಾಗಿ ಬದಲಾಯಿತು. ಮೂಳೆ ಮುರಿದಿಲ್ಲ, ಬೆರಳು ಆಡುತ್ತದೆ, ಮೈಮೇಲೆ ಗಾಯ ಇಲ್ಲ. ಮತ್ತೆ ಯಾಕೆ ಕೂತಿದ್ದಾಳೆ? ಯಾರೂ ಮುಖದ ಮೇಲೆ ಅನ್ನಲಿಲ್ಲ. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಪಾಲು, ವಿಮಾನದಲ್ಲಿ ಇವಳ ಪಾಲು ಇದು ಎಂದು ಒಬ್ಬಳು ತಮಾಷೆ ಮಾಡಿದ್ದು ಕಿವಿಗೆ ಬಿತ್ತು. ಚೆನ್ನಾಗಿಯೇ ಹೇಳಿದ್ದಳು. ಆದರೂ ಅಂದು ಅಳು ಬಂತು.

ಒಂದು ಕೈ ಇಲ್ಲದೆ ಹೆಂಗಸು ಏನೇನು ಮಾಡಲಾರಳು ಎಂಬುದು ನನಗೆ ಒಂದೊಂದಾಗಿ ಗೊತ್ತಾಯಿತು. ಕೂದಲು ಕಟ್ಟಲಾರಳು. ರವಿಕೆಯ ಗುಂಡಿ ಹಾಕಿಕೊಳ್ಳಲಾರಳು. ಸೀರೆ ಬಿಟ್ಟು ನೈಟಿಗೆ ಬಂದೆ, ನೈಟಿಯಲ್ಲಿ ಹೊರಗೆ ಹೋಗಲು ಮನಸ್ಸಾಗದೆ ಮನೆಯಲ್ಲೇ ಉಳಿದೆ. ಅತ್ತೆಯೇ ತಲೆ ಬಾಚಿ, ಬೆನ್ನು ತಿಕ್ಕಿ, ಒರೆಸುತ್ತಿದ್ದರು. ಅವರಿಗೂ ವಯಸ್ಸಾಗಿದೆ, ಮೊಣಕಾಲು ನೋವು. ಬಾಚುವಾಗ ಬೈಯುತ್ತಿದ್ದರು, ಬೈಯುತ್ತಲೇ ಸಿಕ್ಕು ಬಿಡಿಸುತ್ತಿದ್ದರು.

ಎಲ್ಲಕ್ಕಿಂತ ಕಷ್ಟ ಊಟದ್ದು. ಎಡಗೈಯಲ್ಲಿ ಚಮಚ ಹಿಡಿದು ಉಣ್ಣುತ್ತಿದ್ದೆ. ಮನೆಯಲ್ಲಿ ಸರಿ. ಪಕ್ಕದ ಮನೆಯ ಮದುವೆಗೆ ಅತ್ತೆ ಸೀರೆ ಉಡಿಸಿ ಕರೆದೊಯ್ದರು. ಪಂಕ್ತಿಯಲ್ಲಿ ಕೂತೆ, ಎಡಗೈ ಎಲೆಗೆ ಹೋಯಿತು, ಬಡಿಸುತ್ತಿದ್ದವನು ನೋಡಿ ಮುಖ ತಿರುಗಿಸಿದ. ಅವನು ಕೆಟ್ಟವನಲ್ಲ, ಅವನಿಗೆ ನಾಚಿಕೆಯಾಯಿತು. ಎಲೆ ಮಡಚಿದೆ. ಆಮೇಲೆ ನಾನು ಯಾರ ಮನೆಯ ಊಟಕ್ಕೂ ಹೋಗಲಿಲ್ಲ. ಜನ ಕೇಳುತ್ತಾರೆ, ಮೀನು ಕೊಯ್ಯುವ ಕೈ ಹೋಯಿತಲ್ಲ, ಅದಕ್ಕೇ ಅಲ್ಲವಾ ನಿನಗೆ ಬೇಜಾರು ಎಂದು. ಅಲ್ಲ. ನನಗೆ ಬೇಕಾಗಿದ್ದುದು ಬಲಗೈ ಬಾಯಿಯವರೆಗೆ ಬರುವುದು. ಅಷ್ಟೇ ಬೇಕಾಗಿತ್ತು.

ಬೋಟಿನಿಂದ ಬಂದ ಗಂಡ ಒಂದು ದಿನ ನನ್ನ ಎರಡೂ ತೋಳುಗಳನ್ನು ಪಕ್ಕಪಕ್ಕ ಹಿಡಿದು ನೋಡಿದರು. ಬಲ ತೋಳು ಬತ್ತಿಹೋಗಿತ್ತು. ದಿನಾ ನೋಡುವವರಿಗೆ ಅದು ಕಂಡಿರಲಿಲ್ಲ.

"ಇದು ನೀರು ಹಿಡ್ದದ್ದಲ್ಲ" ಎಂದರು. "ನಾಳೆ ಕಾರವಾರಕ್ಕೆ ಹೋಗ್ವಾ."

ಕಾರವಾರದ ಡಾಕ್ಟರು ಈ ಸಲ ಎಕ್ಸ್-ರೇ ಕೇಳಲಿಲ್ಲ. ಮೊಣಕೈ ಮಡಚು ಎಂದರು, ನಾನು ಹಲ್ಲು ಕಚ್ಚಿ ನೋಡಿದೆ, ಕೈ ಅಲ್ಲಾಡಲಿಲ್ಲ. ಅವರು ಸುಮ್ಮನೆ ಚೀಟಿ ಬರೆದು, ಗೋವಾದ ದೊಡ್ಡಾಸ್ಪತ್ರೆಗೆ ಹೋಗಿ, ತಡ ಮಾಡಬೇಡಿ ಎಂದರು. ನಮ್ಮ ಕಡೆಯವರಿಗೆ ದೊಡ್ಡ ಕಾಯಿಲೆ ಅಂದರೆ ಕಾಳಿ ಹೊಳೆ ದಾಟುವುದು ಎಂದೇ ಅರ್ಥ. ಸದಾಶಿವಗಡದಲ್ಲಿ ಪ್ರಿಯಾ ಚಪಾತಿ, ಬಟಾಟೆ ಭಾಜಿಯ ಚೀಲ ಹಿಡಿದು ಬಸ್ಸು ಹತ್ತಿದಳು. ನನ್ನ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಗೋವಾದವರೆಗೆ ಕೂತಳು, ಸಣ್ಣ ಮಗುವನ್ನು ಕೂರಿಸಿಕೊಂಡ ಹಾಗೆ.

ಆ ಆಸ್ಪತ್ರೆಯ ಪಡಸಾಲೆಯಲ್ಲಿ ನಮ್ಮ ಜಿಲ್ಲೆಯ ಅರ್ಧ ಜನ ಸಿಗುತ್ತಾರೆ. ಕುಮಟೆಯವರು, ಅಂಕೋಲೆಯವರು, ಕಾರವಾರದವರು ಚಾಪೆ ಹಾಸಿಕೊಂಡು ಕೂತಿರುತ್ತಾರೆ. ಎಷ್ಟೋ ವರ್ಷಗಳಿಂದ ಕಾಣದ ನನ್ನ ಚಿಕ್ಕಮ್ಮನ ಮಗಳು ಅಲ್ಲಿ ಸಿಕ್ಕಳು, ಗಂಡನ ಕಿಡ್ನಿಗಾಗಿ ಬಂದಿದ್ದಳು. "ಮದುವೆ ಮುಂಜಿಗಂತೂ ಬರೂದಿಲ್ಲ, ಇಲ್ಲಾದ್ರೂ ಭೇಟಿ ಆಯ್ತಲ್ಲೆ" ಎಂದಳು. ಇಬ್ಬರೂ ನಕ್ಕೆವು. ನಕ್ಕು ಸುಸ್ತಾಯಿತು. ಕಾಯುವುದು ಎಷ್ಟು ಆಯಾಸದ ಕೆಲಸ ಎಂದು ಕಾದವರಿಗೇ ಗೊತ್ತು. ಬುಟ್ಟಿ ಹೊತ್ತು ಅಂಕೋಲೆ ಸುತ್ತಿದರೂ ಅಷ್ಟು ದಣಿವಾಗುತ್ತಿರಲಿಲ್ಲ.

ಸೂಜಿ ಚುಚ್ಚಿ ನರದ ಪರೀಕ್ಷೆ ಮಾಡಿದರು. ಕೊಳವೆಯಂಥ ಯಂತ್ರದಲ್ಲಿ ಮಲಗಿಸಿದರು. ಮತ್ತೆ ಬಾ ಎಂದರು, ಮತ್ತೆ ಹೋದೆವು. ಕೊನೆಗೆ ಒಬ್ಬ ಲೇಡಿ ಡಾಕ್ಟರು ನನ್ನನ್ನು ಎದುರಿಗೆ ಕೂರಿಸಿಕೊಂಡು ನನಗೂ ಬರುವ ಕೊಂಕಣಿಯಲ್ಲೇ ಹೇಳಿದರು. ಸುತ್ತಿ ಬಳಸಿ ಹೇಳಲಿಲ್ಲ, ಅದಕ್ಕೆ ಅವರಿಗೆ ನಾನು ಋಣಿ. ಕುತ್ತಿಗೆಯಲ್ಲಿ ಕೈಗೆ ಹೋಗುವ ನರಗಳ ಬೇರುಗಳಲ್ಲಿ ಎರಡು ಕಿತ್ತುಬಂದಿವೆ. ಅವು ತಾವಾಗಿ ಅಂಟುವುದಿಲ್ಲ. ಮದ್ದಿಲ್ಲ, ಎಣ್ಣೆಯಿಲ್ಲ.

"ಹಾಗಾದ್ರೆ ಹೀಗೇ ಇರೂದಾ?" ಎಂದು ಕೇಳಿದೆ.

ಒಂದು ಆಪರೇಷನ್ ಇದೆ ಎಂದರು. ಬೆರಳುಗಳಿಗೆ ಹೋಗುವ ಒಂದು ನರದಿಂದ ಸಣ್ಣ ಎಳೆ ತೆಗೆದು, ಮೊಣಕೈ ಮಡಚುವ ಸ್ನಾಯುವಿಗೆ ಜೋಡಿಸುತ್ತಾರೆ. ಹೊಂದಿದರೆ ತಿಂಗಳುಗಳ ಮೇಲೆ ಮೊಣಕೈ ಏಳಬಹುದು. ಭುಜಕ್ಕೂ ಏನಾದರೂ ಮಾಡಿ ನೋಡುತ್ತಾರೆ, ಆದರೆ ಬುಟ್ಟಿ ಎತ್ತುವ ಆಸೆ ಬೇಡ. ಹೊಂದದಿದ್ದರೆ ಬೆರಳಿನ ಬಲವೂ ಸ್ವಲ್ಪ ಹೋಗಬಹುದು. ಹೆಚ್ಚಿನವರಿಗೆ ಹೋಗುವುದಿಲ್ಲ, ಆದರೆ ಹೋಗುವುದೇ ಇಲ್ಲ ಎಂದು ಮಾತು ಕೊಡಲಾರೆ ಎಂದರು. ಮತ್ತೆ, ಬಹಳ ದಿನ ಯೋಚಿಸಲು ಇಲ್ಲ. ಕೆಲಸವಿಲ್ಲದ ಸ್ನಾಯು ಒಣಗುತ್ತಾ ಹೋಗುತ್ತದೆ, ಪೂರ್ತಿ ಒಣಗಿದ ಮೇಲೆ ಯಾವ ನರ ತಂದು ಜೋಡಿಸಿದರೂ ಅಷ್ಟೇ.

ಬರುವಾಗ ಬಸ್ಸಿನಲ್ಲಿ ನಾನು ಬೆರಳುಗಳನ್ನು ಮಡಚುತ್ತ ಬಿಡುತ್ತ ಕೂತೆ. ಆ ಕೈಯಲ್ಲಿ ನನ್ನದೆಂದು ಉಳಿದದ್ದು ಆ ಬೆರಳುಗಳು ಮಾತ್ರ. ಅವುಗಳನ್ನೇ ಪಣಕ್ಕಿಡಬೇಕು. ನನಗೆ ಬಹಳ ಭಯವಾಯಿತು. ವಿಮಾನ ಭುಜದ ಮೇಲೆ ಕೂತಾಗಲೂ ಅಷ್ಟು ಭಯವಾಗಿರಲಿಲ್ಲ, ಆಗ ಭಯಪಡಲು ಪುರುಸೊತ್ತೇ ಇರಲಿಲ್ಲ.

ಅತ್ತೆ ಬೇಡವೇ ಬೇಡ ಎಂದರು. "ಇದ್ದ ಬೆರಳನ್ನೂ ಕಳ್ಕಂಡು ಕೂರೂಕೆ ಹೋಗ್ಬೇಡ ಮಗಾ. ನಾ ಇದ್ದೆ. ತಲೆ ಬಾಚ್ತೆ, ಉಣ್ಣೂಕೆ ಬಡಿಸ್ತೆ. ಎಂತ ಕಮ್ಮಿ ಅದೆ ನಿಂಗೆ?"

ಗಂಡ ಅಂಗಳದಲ್ಲಿ ಬಹಳ ಹೊತ್ತು ನಿಂತು, ಒಳಗೆ ಬಂದು, "ನಾ ಎಂತ ಹೇಳ್ಲಿ? ಕೈ ನಿಂದು. ನೀ ಹೇಳಿದ್ಹಂಗೆ" ಎಂದರು. ನನಗೆ ಸಿಟ್ಟು ಬಂತು. ಎಲ್ಲದಕ್ಕೂ ತಾವೇ ಹೇಳುವವರು ಇದೊಂದನ್ನು ನನಗೆ ಬಿಟ್ಟರು.

ಆ ವಾರವೇ ವಿಮಾನದವರು ಮನೆಗೆ ಬಂದರು. ಬೆಳಗಾವಿ ಕಡೆಯವರು, ಅರವತ್ತು ದಾಟಿದವರು, ಸ್ವಂತ ಕಾರ್ಖಾನೆ, ಹವ್ಯಾಸಕ್ಕೆ ವಿಮಾನ. ಹಣೆಯ ತರಚು ಮಾಸಿತ್ತು. ಖರ್ಚಿನ ಮಾತನ್ನು ಅವರೂ ನನ್ನ ಗಂಡನೂ ಅಂಗಳದಲ್ಲೇ ಮುಗಿಸಿದರು, ನಾನು ಕೇಳಿಸಿಕೊಳ್ಳಲಿಲ್ಲ. ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರು. ನನ್ನ ಕೈಯನ್ನು ನೋಡಬಾರದೆಂದು ಇಡೀ ಹೊತ್ತು ಗೋಡೆಯನ್ನೇ ನೋಡಿದರು.

"ಒಂದ ಮಾತು ಕೇಳ್ಲೇನ್ರೀ ತಾಯಿ?" ಎಂದರು. "ನೀವೆಲ್ಲಾ ಹಿಡೀಲಿಕ್ಕೆ ಯಾಕ ಬಂದ್ರಿ? ಯಾರಾದ್ರೂ ಓಡಿ ದೂರ ಹೋಗ್ತಾರ. ನೀವು ನೋಡಿದ್ರ ಎದುರಿಗೇ ಓಡಿ ಬಂದ್ರಿ."

"ದಂಡೆಗೆ ಬಂದದ್ದನ್ನ ಹಿಡೀದೇ ಬಿಡೂದಾ?" ಎಂದರು ಬಾಗಿಲ ಬಳಿ ನಿಂತಿದ್ದ ಅತ್ತೆ. ಅವರಿಗೆ ಆ ಪ್ರಶ್ನೆಯೇ ಅರ್ಥವಾಗಿರಲಿಲ್ಲ.

ವಿಮಾನದವರು ತಲೆ ಆಡಿಸಿದರು. "ನೀವು ಹಿಡಿದದ್ದಕ್ಕ ನಾ ಉಳಿದ್ನೋ, ಹಿಡೀದಿದ್ರೂ ಉಳೀತಿದ್ನೋ, ಖರೇ ಹೇಳಬೇಕಂದ್ರ ನನಗ ಗೊತ್ತಿಲ್ರೀ. ಹಿಡಿದದ್ದಕ್ಕೇ ಉಳಿದೆ ಅಂತ ಹೇಳಿದ್ರ ನಿಮಗ ಸಮಾಧಾನ ಆಗ್ತಿತ್ತು. ಆದ್ರ ಗೊತ್ತಿಲ್ಲ."

ಆ ಮಾತಿಗೆ ನನಗೆ ಅವರ ಮೇಲೆ ಇದ್ದ ಸಿಟ್ಟು ಹೋಯಿತು. ಅಲ್ಲಿಯವರೆಗೆ ಬಂದವರೆಲ್ಲ ಸಮಾಧಾನದ ಮಾತನ್ನೇ ತಂದಿದ್ದರು. ಇಳಿಯುವಾಗ ಹೆದರಿಕೆ ಆಗಲಿಲ್ಲವಾ ಎಂದು ಕೇಳಿದೆ.

"ಇಳಿಯೂತನಕಾ ಆಗಲಿಲ್ಲ. ಈಗ ಆಗ್ತದ. ಟೀವಿಯೊಳಗ ಸಮುದ್ರ ಬಂದ್ರ ಎದ್ದು ಹೊರಗ ಹೋಗ್ತೀನಿ." ಮತ್ತೆ ಗೋಡೆ ನೋಡಿದರು. "ಎಂಜಿನ್ ನಿಂತ ಮ್ಯಾಲೆ ನಿಮ್ಮೂರ ಉಸುಕು ಕಂಡಿತು. ಮುಂದ ಇದಕ್ಕಿಂತ ಛಲೋ ಜಾಗಾ ಸಿಗಬಹುದು ಅಂತ ಅನಿಸಿತ್ತು. ಆದ್ರ ಮುಂದ ಹೋಗಿ ನೋಡಲಿಕ್ಕೆ ಅಷ್ಟು ಎತ್ತರ ಉಳಿದಿರಲಿಲ್ರೀ. ಇದ್ದದ್ರಾಗ ಇಳಿಸಿದೆ."

ಅವರು ನನಗೆ ಬುದ್ಧಿ ಹೇಳಲು ಅದನ್ನು ಹೇಳಲಿಲ್ಲ. ಆಪರೇಷನ್ನಿನ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಆದರೆ ಅವರು ಹೋದ ಮೇಲೆ ನಾನು ಅದನ್ನೇ ಯೋಚಿಸಿದೆ. ಇನ್ನೂ ಸ್ವಲ್ಪ ದಿನ ನೋಡೋಣ, ತಾನಾಗಿ ಸರಿಹೋಗಬಹುದು, ಬೇರೆ ಎಲ್ಲೋ ಬೇರೆ ಮದ್ದು ಸಿಗಬಹುದು ಎಂದು ಮನಸ್ಸು ದಿನಾ ಹೇಳುತ್ತಿತ್ತು. ನನಗೂ ಅಷ್ಟು ದಿನ ಉಳಿದಿರಲಿಲ್ಲ. ಸಂಜೆ ಅತ್ತೆ ನನ್ನ ತಲೆ ಬಾಚಲು ಕೂತರು. ಕೂರುವಾಗ ಮೊಣಕಾಲು ಹಿಡಿದುಕೊಂಡು "ದೇವ್ರೇ" ಎಂದದ್ದು ಕೇಳಿಸಿತು. ಇವರು ಇನ್ನೆಷ್ಟು ವರ್ಷ ಬಾಚುತ್ತಾರೆ?

"ಅತ್ತೆ, ನಾ ಮಾಡಿಸ್ಕಳ್ತೆ" ಎಂದೆ.

ಬಾಚಣಿಗೆ ನಿಂತಿತು. ಆಮೇಲೆ ಮತ್ತೆ ಶುರುವಾಯಿತು. ಆ ದಿನ ಅವರು ಬೈಯಲಿಲ್ಲ.

ಆಪರೇಷನ್ ಬಗ್ಗೆ ಹೇಳಲು ಹೆಚ್ಚೇನಿಲ್ಲ, ನಾನು ನಿದ್ದೆಯಲ್ಲಿದ್ದೆ. ಎಚ್ಚರವಾದಾಗ ಮೊದಲು ಮಾಡಿದ್ದು ಬೆರಳು ಆಡಿಸಿ ನೋಡಿದ್ದು. ಕಿರುಬೆರಳು ಜೋಮು ಹಿಡಿದಿತ್ತು, ಆದರೆ ಎಲ್ಲ ಬೆರಳೂ ಮಡಚಿದವು. ಪಕ್ಕದಲ್ಲಿ ಪ್ರಿಯಾ ಅಳುತ್ತಿದ್ದಳು. ಅಳಬೇಡ ಎನ್ನಲು ಹೋಗಿ ವಾಂತಿ ಮಾಡಿಕೊಂಡೆ. ಎದುರಿನ ಮಂಚದ ಹೆಂಗಸು, ಗೋವಾದ ಕಾಣಕೋಣದವಳು, ಪರಿಚಯವೇ ಇಲ್ಲದವಳು, ಎದ್ದು ಬಂದು ಒರೆಸಿದಳು. ಅವಳ ಕಾಲಿಗೂ ಪಟ್ಟಿ ಇತ್ತು. ಆಮೇಲೆ ಅವಳನ್ನು ನಾನು ನೋಡಲಿಲ್ಲ. ಎಲ್ಲೇ ಇರಲಿ, ಚೆನ್ನಾಗಿರಲಿ.

ಆಮೇಲಿನದೇ ಉದ್ದದ ಕಥೆ, ಮತ್ತು ಅದರಲ್ಲಿ ಏನೂ ಆಗುವುದಿಲ್ಲ. ತಿಂಗಳುಗಟ್ಟಲೆ ಏನೂ ಆಗಲಿಲ್ಲ. ನರ ಬೆಳೆಯುತ್ತದೆ, ಆದರೆ ಕಣ್ಣಿಗೆ ಕಾಣುವ ಹಾಗೆ ಬೆಳೆಯುವುದಿಲ್ಲ ಎಂದಿದ್ದರು. ಕಾರವಾರದ ಆ ಬೆಂಚಿನ ಮೇಲೆ ಕೂತು, ಬಚ್ಚಲಲ್ಲಿ ಬಿದ್ದ ಕಥೆ ಹೇಳಿ, ಒಳಗೆ ಹೋದರೆ ಫಿಸಿಯೋ ಮಾಡುವ ರೇಷ್ಮಾ ಮೇಡಂ ನನ್ನ ತೋಳಿನ ಮೇಲೆ ಎರಡು ಬೆರಳಿಟ್ಟು ಹೇಳುತ್ತಿದ್ದರು: "ಮುಷ್ಟಿ ಗಟ್ಟಿ ಹಿಡೀರಿ ಅಕ್ಕಾ. ಹಿಡಿದು, ಮೊಣಕೈ ಮಡಚ್ತಾ ಇದ್ದೀನಿ ಅಂತ ಮನಸ್ಸಲ್ಲೇ ಅನ್ಕೊಳ್ಳಿ." ಬೆರಳಿನ ನರವನ್ನು ಕದ್ದು ಮೊಣಕೈಗೆ ಕೊಟ್ಟಿದ್ದಾರಲ್ಲ, ಆದ್ದರಿಂದ ಬೆರಳಿಗೆ ಹೇಳಿದರೆ ಮೊಣಕೈಗೆ ಕೇಳಬೇಕು. ನಾನು ಮುಷ್ಟಿ ಹಿಡಿಯುತ್ತಿದ್ದೆ. ಅನ್ನ ಬೇಯುವಾಗ, ಬಸ್ಸಿನಲ್ಲಿ, ಸೀರಿಯಲ್ ನೋಡುವಾಗ, ಮುಷ್ಟಿ ಹಿಡಿ, ಬಿಡು, ಹಿಡಿ, ಬಿಡು. ಮೊಣಕೈಗೆ ಏನೂ ಕೇಳಿಸಲಿಲ್ಲ.

ಮಳೆಗಾಲ ಬಂತು. ಬೋಟುಗಳು ಬೈತಖೋಲದಲ್ಲಿ ಕಟ್ಟಿ ನಿಂತವು, ಗಂಡ ಮನೆಯಲ್ಲಿದ್ದರು. ನನಗೆ ಎಲ್ಲರ ಮೇಲೂ ಸಿಡುಕು. ಅತ್ತೆ ದಿನಾ ಬೆಳಿಗ್ಗೆ ನನ್ನ ಕೈ ನೋಡುವುದು, ಏನೂ ಕೇಳದೆ ಒಳಗೆ ಹೋಗುವುದು, ಅದನ್ನೇ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಒಂದು ದಿನ "ನೀವು ಹೇಳಿದ್ದೇ ಸರಿ ಇತ್ತು, ಸಾಕಾ?" ಎಂದು ಕೂಗಿದೆ. ಅವರು ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತಲಿಲ್ಲ. "ನಾ ಹೇಳಿದ್ದು ಸರಿ ಆಗ್ಬೇಕು ಅಂತ ನಂಗೆ ಇಲ್ಲ" ಎಂದರು. ಕಾಯಿಲೆಯಲ್ಲಿ ನಾವು ಹತ್ತಿರದವರನ್ನೇ ಕಚ್ಚುತ್ತೇವೆ, ದೂರದವರು ಕೈಗೆ ಸಿಗುವುದಿಲ್ಲ. ಇದನ್ನು ಓದುವ ಯಾರಾದರೂ ಹಾಗೆ ಕೂಗಿದ್ದರೆ, ನೀವೊಬ್ಬರೇ ಅಲ್ಲ.

ಮಳೆ ಕಡಿಮೆಯಾಗುವ ಹೊತ್ತಿಗೆ ಒಂದು ದಿನ ರೇಷ್ಮಾ ಮೇಡಂ ಬೆರಳು ಎತ್ತದೆ ಹಾಗೇ ನಿಂತರು. "ಇನ್ನೊಂದ್ಸಲ ಹಿಡೀರಿ" ಎಂದರು. ಹಿಡಿದೆ. ಚರ್ಮದ ಕೆಳಗೆ ಏನೋ ಮಿಸುಕಿತು, ಬಲೆಯ ಅಡಿಯಲ್ಲಿ ಉಳಿದ ಒಂಟಿ ಮೀನಿನ ಹಾಗೆ. ಕೈ ಅಲ್ಲಾಡಲಿಲ್ಲ, ಮಿಸುಕಿತು ಅಷ್ಟೇ. ನಾನು ಮನೆಯಲ್ಲಿ ಹೇಳಲಿಲ್ಲ. ಹೇಳಿದ ಮೇಲೆ ಅದು ನಿಂತುಹೋದರೆ ಎಂಬ ಹೆದರಿಕೆ. ಎಷ್ಟೋ ದಿನ ಆ ಮಿಸುಕನ್ನು ಒಬ್ಬಳೇ ಇಟ್ಟುಕೊಂಡಿದ್ದೆ. ಆಮೇಲೆ ಒಂದು ಮಧ್ಯಾಹ್ನ ಮೇಜಿನ ಮೇಲಿದ್ದ ಕೈ ಮುಷ್ಟಿ ಹಿಡಿದ ಕೂಡಲೇ ತಾನೇ ಸ್ವಲ್ಪ ಮೇಲೆದ್ದಿತು. ಗಂಡ ನೋಡಿಬಿಟ್ಟರು. ಚಹಾದ ಲೋಟ ಕೆಳಗಿಟ್ಟು, "ಮತ್ತೊಂದ್ಸಲ ಮಾಡು" ಎಂದರು. ಮಾಡಿದೆ. ಅವರ ಕಣ್ಣು ಒದ್ದೆಯಾಯಿತು.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ನಮ್ಮ ಮನೆಯವರೂ ಹಾಗೇ ಎಂದುಕೊಂಡಿದ್ದರು. ಮೊಣಕೈ ಮಡಚಲು ಕಲಿತದ್ದು ಮುಷ್ಟಿ ಹಿಡಿದಾಗ ಮಾತ್ರ. ಅನ್ನ ಕಲಸಿ ತುತ್ತು ಹಿಡಿದರೆ ಕೈ ಬಾಯಿಯ ಹತ್ತಿರ ಬರುತ್ತದೆ. ತುತ್ತು ಬಾಯಿಗೆ ಹಾಕಲು ಬೆರಳು ಬಿಡಿಸಿದೆನೋ, ಮೊಣಕೈಯೂ ಬಿಟ್ಟುಕೊಡುತ್ತದೆ. ಕೈ ಧೊಪ್ಪನೆ ತಟ್ಟೆಗೆ ಬೀಳುತ್ತದೆ, ಅನ್ನ ಮಡಿಲಿಗೆ, ಸಾರು ಅತ್ತೆಯ ಮೈಮೇಲೆ. ಬಾಯಿಯ ಎದುರಿಗೆ ಬಂದು ನಿಂತ ಅನ್ನ ಒಳಗೆ ಹೋಗುವುದಿಲ್ಲ. ಆಗ ಬಂದ ಸೋಲು ಅದಕ್ಕೂ ಮೊದಲು ಎಂದೂ ಬಂದಿರಲಿಲ್ಲ. ಕೈ ಏಳದೇ ಇದ್ದಾಗ ಆಸೆಯನ್ನಾದರೂ ಬಿಡಬಹುದಿತ್ತು.

ಇನ್ನೂ ಸಮಯ ಬೇಕು ಎಂದರು ರೇಷ್ಮಾ ಮೇಡಂ. ಕೆಲವರಿಗೆ ಮುಷ್ಟಿ ಬೇರೆ, ಮೊಣಕೈ ಬೇರೆ ಎಂದು ನಿಧಾನವಾಗಿ ತಿಳಿಯುತ್ತದೆ. ಕೆಲವರಿಗೆ ಎಂದು ಅವರು ಹೇಳಿದ್ದನ್ನು ಗಮನಿಸಿದೆ, ಕೇಳಲಿಲ್ಲ. ದಿನಾ ಒಂದು ತುತ್ತು ಬಲಗೈಯಲ್ಲಿ, ಉಳಿದದ್ದು ಎಡಗೈಯ ಚಮಚದಲ್ಲಿ. ಆ ಒಂದು ತುತ್ತು ದಿನಾ ಚೆಲ್ಲುತ್ತಿತ್ತು. ಅತ್ತೆ ದಿನಾ ನೆಲ ಒರೆಸುತ್ತಿದ್ದರು. ಒಂದು ಚಳಿಗಾಲ ಹಾಗೆ ಕಳೆಯಿತು.

ಈಗ ನನ್ನ ಭುಜ ಅರ್ಧಕ್ಕಿಂತ ಮೇಲೆ ಏಳುವುದಿಲ್ಲ. ಬುಟ್ಟಿ ಹೊರುವುದು ಮುಗಿಯಿತು. ಮನೆಯ ಮುಂದೆ ಒಣಮೀನು ಇಟ್ಟು ಮಾರುತ್ತೇನೆ, ಕೂತಲ್ಲೇ ಬಾಯಿ ಮಾಡುತ್ತೇನೆ. ಚಳಿ ಬಿದ್ದರೆ ಹೆಬ್ಬೆರಳು ಉರಿಯುತ್ತದೆ. ತಲೆ ಇವತ್ತಿಗೂ ಅತ್ತೆಯೇ ಬಾಚುತ್ತಾರೆ. ದಣಿವು ಪೂರ್ತಿ ಹೋಗಿಲ್ಲ, ಹೋಗುವುದಿಲ್ಲ ಎಂದು ಕಾಣುತ್ತದೆ. ಅದರೊಂದಿಗೆ ಒಂದು ಹೊಂದಾಣಿಕೆ ಆಗಿದೆ.

ಇನ್ನು ಒಂದು ದಿನದ ವಿಷಯ ಹೇಳಿ ಮುಗಿಸುತ್ತೇನೆ. ಚಳಿಗಾಲ ಮುಗಿಯುತ್ತ ಬಂದಿತ್ತು. ಗಂಡ ಬೋಟಿನಿಂದ ಬಂದಿದ್ದರು, ಪ್ರಿಯಾ ಸದಾಶಿವಗಡದಿಂದ ಬಂದಿದ್ದಳು, ನಾಲ್ವರೂ ಉಣ್ಣಲು ಕೂತಿದ್ದೆವು. ಅಂದು ತಾರ್ಲೆ ಮೀನಿನ ಸಾರು. ನಾನು ದಿನದ ಒಂದು ತುತ್ತು ಹಿಡಿದೆ. ಕೈ ಮೇಲೆ ಬಂತು. ಪ್ರಿಯಾ ಏನೋ ಹೇಳುತ್ತಿದ್ದಳು, ನಾನು ಅದನ್ನು ಕೇಳುತ್ತಿದ್ದೆ. ಬೆರಳು ಬಿಡಿಸಿದೆ. ಅನ್ನ ಬಾಯಿಗೆ ಹೋಯಿತು. ಕೈ ಅಲ್ಲೇ ನಿಂತಿತ್ತು. ಅಗಿಯುವುದನ್ನು ಮರೆತು ನಾನು ಆ ಕೈಯನ್ನು ನೋಡಿದೆ. ಪ್ರಿಯಾಳ ಮಾತು ನಿಂತಿತು. ನಿಧಾನವಾಗಿ ಕೈ ಇಳಿಸಿ ಇನ್ನೊಂದು ತುತ್ತು ಹಿಡಿದೆ. ಅದೂ ಹೋಯಿತು. ಮೂರನೆಯದು ಚೆಲ್ಲಿತು. ನಾಲ್ಕನೆಯದು ಹೋಯಿತು.

ಅಷ್ಟು ತಿಂಗಳು ಅತ್ತೆ ನನ್ನ ಪಾಲಿನ ಮೀನನ್ನು ಒಲೆಯ ಪಕ್ಕದಲ್ಲೇ ಕೂತು, ಮುಳ್ಳು ತೆಗೆದು, ಬರೀ ಮಾಂಸ ತಟ್ಟೆಗೆ ಹಾಕುತ್ತಿದ್ದರು. ತಾರ್ಲೆಯ ಮುಳ್ಳು ಕೂದಲೆಳೆಯಂಥವು, ಒಂದು ಕೈಯಲ್ಲಿ ಬಿಡಿಸಲು ಬರುವುದಿಲ್ಲ. ಅಂದು ಅವರು ಸೌಟು ಅದ್ದಿ, ಎರಡು ಇಡೀ ಮೀನು ಎತ್ತಿ, ಮುಳ್ಳು ಸಮೇತ ನನ್ನ ತಟ್ಟೆಗೆ ಹಾಕಿದರು.

"ಬಿಡಿಸ್ಕಂಡು ತಿನ್ನು" ಎಂದರು.

ಬಿಡಿಸಲು ಬಹಳ ಹೊತ್ತು ಹಿಡಿಯಿತು. ಅವರೆಲ್ಲರ ತಟ್ಟೆ ಖಾಲಿಯಾಗಿ, ಕೈ ಒಣಗಿತ್ತು. ನಾನು ಉಂಡು ಮುಗಿಸುವವರೆಗೆ ಒಬ್ಬರೂ ಏಳಲಿಲ್ಲ.